ಮಗು ‘ಸುಸ್ಸು’ ಅಂದರೆ ಎಲ್ಲಿ ನಿಲ್ಲಿಸೋದು? ಬೆಂಗಳೂರು–ಮೈಸೂರು ದಾರಿಯ ನಿಲುಗಡೆಗಳ ಕಥೆ

ಕಳೆದ ವರ್ಷ ನಮ್ಮ ಬಳಗದ ಗೆಳೆಯನೊಬ್ಬನ ಅಕ್ಕ ತನ್ನ ಎಂಟು ತಿಂಗಳ ಕೂಸನ್ನು ಬೆಂಗಳೂರಿನ ಆಸ್ಪತ್ರೆಗೆ ತೋರಿಸಬೇಕಿತ್ತು. ಮಂಡ್ಯದ ಪಕ್ಕದ ಹಳ್ಳಿಯಿಂದ ಬಾಡಿಗೆ ಕಾರು ಮಾಡಿಕೊಂಡು ಹೊರಟೆವು. ಅಕ್ಕ, ಕೂಸು, ಐದು ವರ್ಷದ ದೊಡ್ಡ ಮಗಳು, ಜೊತೆಗೆ ನಾವಿಬ್ಬರು. ಹೊಸ ರಸ್ತೆ, ಒಂದೂವರೆ ಗಂಟೆಯ ದಾರಿ, ಏನು ಮಹಾ ಅಂದುಕೊಂಡಿದ್ದೆವು.

ಚನ್ನಪಟ್ಟಣದ ಬೈಪಾಸ್ ಹತ್ತಿ ಐದು ನಿಮಿಷ ಆಗಿರಬೇಕು. ಹಿಂದಿನ ಸೀಟಿನಿಂದ ಸಣ್ಣ ದನಿ: “ಅಮ್ಮ, ಸುಸ್ಸು.”

ಡ್ರೈವರ್ ಅಣ್ಣ ಕನ್ನಡಿಯಲ್ಲಿ ನೋಡಿ, “ಇಲ್ಲಿ ನಿಲ್ಸಂಗಿಲ್ಲ ಕಣಕ್ಕ, ಹಿಂದಿಂದ ಬಂದೋರು ಗುದ್ಬುಡ್ತಾರೆ. ಟೋಲ್ ಹತ್ರ ನಿಲ್ಸ್ತೀನಿ, ತಡ್ಕೊಳವ್ವ” ಅಂದರು. ಅವರು ಹೇಳಿದ್ದು ಸರಿಯೇ. ಎರಡೂ ಕಡೆ ಬೇಲಿ, ಕೆಳಗೆ ಊರು, ಮೇಲೆ ನಾವು. ಐದು ವರ್ಷದ ಮಗು ಎಷ್ಟು ಹೊತ್ತು ತಡೆದೀತು? ಟೋಲ್ ಬರುವ ಹೊತ್ತಿಗೆ ಫ್ರಾಕು ಒದ್ದೆ, ಸೀಟು ಒದ್ದೆ. ಮಗು ಅತ್ತಿದ್ದು ಒದ್ದೆಯಾದದ್ದಕ್ಕಲ್ಲ, ನಾಚಿಕೆಗೆ. ಅದನ್ನು ನೋಡಿ ಕೂಸೂ ಶುರು ಮಾಡಿತು.

ಸಂಜೆ ಮನೆಗೆ ಬಂದು ಹೇಳಿದಾಗ ಅಜ್ಜಿ ನಕ್ಕರು. “ನಾವು ಜಾತ್ರೆಗೆ ಗಾಡೀಲಿ ಹೋಗ್ತಿದ್ದಾಗ ಎತ್ತು ನಿಂತ ಕಡೆ ನಾವೂ ನಿಲ್ತಿದ್ವಿ ಕಣ್ರೋ. ಎತ್ತಿಗೂ ಮಕ್ಕಳಿಗೂ ಒಂದೇ ಹೊತ್ತಿಗೆ ಬಾಯಾರೋದು” ಅಂದರು.

ಈ ಮಾತು ನಮ್ಮ ತಲೆಯಿಂದ ಹೋಗಲಿಲ್ಲ. ಮ್ಯಾಪ್ ತೆಗೆದು ಹಳೇ ರಸ್ತೆಯ ಊರುಗಳನ್ನು ಲೆಕ್ಕ ಹಾಕಿದೆವು. ಕೆಂಗೇರಿ, ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ. ಒಂದೊಂದಕ್ಕೂ ನಡುವೆ ಹೆಚ್ಚುಕಡಿಮೆ 12ರಿಂದ 27 ಕಿಲೋಮೀಟರ್. ಹೊರೆ ಹೇರಿದ ಎತ್ತಿನ ಗಾಡಿ ಅರ್ಧ ದಿನದಲ್ಲೋ ಒಂದು ದಿನದಲ್ಲೋ ಹೋಗುವ ದೂರ ಅದು. ಎತ್ತಿನ ಉಸಿರೇ ಈ ದಾರಿಯ ಅಳತೆಗೋಲಾಗಿತ್ತು ಎಂದು ನಮಗೆ ಅನ್ನಿಸುತ್ತದೆ.

ಇದಕ್ಕೊಂದು ಬರಹದ ಸಾಕ್ಷಿಯೂ ಇದೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮದರಾಸಿನಿಂದ ಹೊರಟು ಮೈಸೂರು ಸೀಮೆ ಸುತ್ತಿದ. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಬಂದದ್ದು ಇದೇ ದಾರಿಯಲ್ಲಿ. ಚನ್ನಪಟ್ಟಣ, ಮದ್ದೂರು, ಮಂಡ್ಯ ಎಂದು ತಂಗುತ್ತಾ, ಪ್ರತಿ ಊರಿನ ಬೆಳೆ, ಮಣ್ಣು, ಕಸುಬು ಬರೆದುಕೊಳ್ಳುತ್ತಾ ಬಂದ. ನಾವು ಒಂದೂವರೆ ಗಂಟೆಯಲ್ಲಿ ಮುಗಿಸಲು ಹೊರಟ ದಾರಿಗೆ ಅವನಿಗೆ ದಿನಗಳು ಬೇಕಾದವು. ಅವನು ಇಳಿದ ಊರುಗಳ ಮೇಲೇ ಇವತ್ತು ನಾವು ಇಳಿಯದೆ ಹಾರಿಹೋಗುವುದು.

ದಾರಿಯಲ್ಲಿ ನಿಲ್ಲುವವರ ಬಗ್ಗೆ ಯೋಚಿಸುವುದು ಬಹಳ ಹಳೆಯ ಕೆಲಸ. ಅಶೋಕನ ಏಳನೆಯ ಸ್ತಂಭ ಶಾಸನದಲ್ಲಿ ದಾರಿಬದಿ ಆಲ ನೆಡಿಸಿದ್ದು, ಮಾವಿನ ತೋಪು ಹಾಕಿಸಿದ್ದು, ಬಾವಿ ತೋಡಿಸಿದ್ದು, ತಂಗುವ ಮನೆ ಕಟ್ಟಿಸಿದ್ದು ಬರುತ್ತದೆ. ನೆರಳು ಮನುಷ್ಯರಿಗೆ ಮಾತ್ರವಲ್ಲ, ದನಕರುಗಳಿಗೂ ಎಂದು ಅದರಲ್ಲಿದೆ. ನಮ್ಮ ಕನ್ನಡ ಶಾಸನಗಳಲ್ಲಿ ಅರವಟ್ಟಿಗೆ ನಡೆಸಲು, ಛತ್ರ ನಡೆಸಲು ಭೂಮಿ ಬಿಟ್ಟ ದಾನಗಳು ಸಿಗುತ್ತವೆ. ತಮಿಳುನಾಡಿನ ಕಡೆ ತಲೆಹೊರೆ ಇಳಿಸಲು ದಾರಿಬದಿ ನಿಲ್ಲಿಸುತ್ತಿದ್ದ ಕಲ್ಲುಗಳಿವೆ, ‘ಸುಮೈತಾಂಗಿ’ ಅನ್ನುತ್ತಾರೆ. ಹೆರದೆ ಸತ್ತ ಬಸುರಿ ಹೆಂಗಸಿನ ನೆನಪಿಗೆ ಮನೆಯವರು ಅಂಥ ಕಲ್ಲು ಹಾಕಿಸುವ ರೂಢಿ ಇತ್ತು. ಇಳಿಸಲಾಗದೆ ಹೋದ ಹೊರೆಯ ಹೆಸರಿನಲ್ಲಿ ಬೇರೆಯವರ ಹೊರೆ ಇಳಿಯಲಿ ಅಂತ.

ಈಚಿನವರೆಗೆ ರಾಮನಗರ ಜಿಲ್ಲೆ ಎನ್ನುತ್ತಿದ್ದ ನಮ್ಮ ಸೀಮೆಯಲ್ಲೇ ಇನ್ನೊಂದು ಕಥೆ ಇದೆ, ನಿಮಗೆಲ್ಲ ಗೊತ್ತಿರುವುದೇ. ಹುಲಿಕಲ್ಲಿನಿಂದ ಕುದೂರಿನವರೆಗೆ ನಾಲ್ಕೈದು ಕಿಲೋಮೀಟರ್ ಉದ್ದಕ್ಕೆ 380ಕ್ಕೂ ಹೆಚ್ಚು ಆಲದ ಸಸಿ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ಚಿಕ್ಕಯ್ಯ. ತಮಗೆ ಮಕ್ಕಳಿಲ್ಲ ಎಂದು ಮರಗಳನ್ನು ಮಕ್ಕಳೆಂದುಕೊಂಡವರು. ಆ ನೆರಳಲ್ಲಿ ಎಷ್ಟು ಜನರ ಮಕ್ಕಳು ಕೂತೆದ್ದು ಹೋಗಿದ್ದಾರೋ!

ಹಾಗಂತ ಹಳೆಯದೆಲ್ಲ ಚಿನ್ನ ಎಂದು ನಾವು ಹೇಳುತ್ತಿಲ್ಲ. ಎಷ್ಟೋ ಛತ್ರಗಳಲ್ಲಿ ಊಟ ಒಂದು ಜಾತಿಗೆ, ಜಗಲಿ ಇನ್ನೊಂದಕ್ಕೆ, ಹೊರಗಿನ ಮರದ ಬುಡ ಉಳಿದವರಿಗೆ. ಅರವಟ್ಟಿಗೆಯಲ್ಲೂ ಕೆಲವರ ಬೊಗಸೆಗೆ ಮೇಲಿನಿಂದ ನೀರು ಹೊಯ್ಯುತ್ತಿದ್ದರು. ನಮ್ಮ ಬಳಗದಲ್ಲೇ ಇಬ್ಬರ ಮನೆಯ ಹಿರಿಯರು ಹಾಗೆ ನೀರು ಕುಡಿದವರು. ಬಾಯಾರಿದ ಮಗುವಿಗೂ ಅದೇ ಲೆಕ್ಕ ಇತ್ತು.

ಆಮೇಲೆ ರೈಲು ಬಂತು. 1876ರಿಂದ 78ರವರೆಗಿನ ದೊಡ್ಡ ಬರದ ಕಾಲದಲ್ಲಿ ಹಸಿದ ಜನರಿಗೆ ಕೂಲಿ ಕೊಡುವ ಕಾಮಗಾರಿಯಾಗಿಯೂ ಇದರ ಕೆಲಸ ನಡೆಯಿತು. 1882ರ ಹೊತ್ತಿಗೆ ಮೈಸೂರು ಮುಟ್ಟಿತು. ಉಗಿಬಂಡಿಗೂ ಎತ್ತಿನ ಹಾಗೆ ಬಾಯಾರಿಕೆ. ನಡುವೆ ನಿಂತು ನೀರು ತುಂಬಿಸಿಕೊಳ್ಳಬೇಕು. ಮೇಲಾಗಿ ಒಂಟಿ ಹಳಿ, ಎದುರಿನ ಗಾಡಿಗೆ ಕಾಯಬೇಕು. ಆ ಕಾಯುವ ಹೊತ್ತಿನಲ್ಲಿ ಪ್ಲಾಟ್‌ಫಾರಂ ಮೇಲೆ ಹುಟ್ಟಿದ್ದು ಮದ್ದೂರು ವಡೆ ಎನ್ನುತ್ತಾರೆ. ಮೊದಲು ಮಾಡಿದವರು ಯಾರು, ಗಡಿಬಿಡಿಯಲ್ಲಿ ಪಕೋಡದ ಹಿಟ್ಟನ್ನು ತಟ್ಟಿದ್ದೋ ಬೇಕೆಂದೇ ಮಾಡಿದ್ದೋ ಎಂಬ ಬಗ್ಗೆ ಮದ್ದೂರಿನಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ವಡೆ ಮಾತ್ರ ಗಟ್ಟಿ, ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿ. ಎರಡು ದಿನ ಇಟ್ಟರೂ ಕೆಡದು, ಮಗುವಿನ ಕೈಗೆ ಕೊಟ್ಟರೆ ಅರ್ಧ ಗಂಟೆ ಸದ್ದಿಲ್ಲ.

ಬಸ್ಸಿನ ಕಾಲದಲ್ಲಿ ನಿಲುಗಡೆ ಡ್ರೈವರು ಕಂಡಕ್ಟರ ಕೈಗೆ ಬಂತು. 1948ರಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಶುರುವಾಯಿತು, 1961ರಲ್ಲಿ ನಿಗಮವಾಯಿತು. “ಹತ್ತು ನಿಮಿಷ ಟೈಮಿದೆ, ಕಾಫಿ ತಿಂಡಿ ಮಾಡೋರು ಮಾಡ್ರಪ್ಪ” ಅನ್ನುವ ಕೂಗು ಕೇಳದವರು ಯಾರು? ಗಂಡಸರು ಗೋಡೆ ಹುಡುಕಿ ಹೋಗುತ್ತಿದ್ದರು. ಹೆಂಗಸರು ಹೋಗಲು ಜಾಗ ಇಲ್ಲವೆಂದೇ ಮನೆಯಿಂದ ಹೊರಡುವಾಗ ನೀರು ಕುಡಿಯುತ್ತಿರಲಿಲ್ಲ. ನಮ್ಮ ಅಮ್ಮಂದಿರು ಇವತ್ತಿಗೂ ಕುಡಿಯುವುದಿಲ್ಲ. ಹಾಲು ಕುಡಿಸುವ ತಾಯಿ ಸೆರಗು ಮುಚ್ಚಿಕೊಂಡು ಕಿಟಕಿ ಕಡೆ ತಿರುಗಿ ಕೂರುತ್ತಿದ್ದಳು. ಬಸ್ ನಿಲ್ದಾಣಗಳಲ್ಲಿ ಹಾಲುಣಿಸುವ ಕೋಣೆ ಅಲ್ಲಲ್ಲಿ ಬಂದದ್ದು ಈಚೆಗೆ.

ಆದರೂ ಆ ರಸ್ತೆ ಮಕ್ಕಳಿಗೆ ಒಗ್ಗಿತ್ತು. ಬಿಡದಿಯಲ್ಲಿ ತಟ್ಟೆ ಇಡ್ಲಿ. ರಾಮನಗರ ದಾಟಿದರೆ 1994ರಲ್ಲಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ. ಚನ್ನಪಟ್ಟಣದಲ್ಲಿ ರಸ್ತೆಯ ಎರಡೂ ಬದಿ ಅರಗಿನ ಬಣ್ಣ ಹಚ್ಚಿದ ಗೊಂಬೆ, ಬುಗುರಿ, ಗಿಲಕಿ. ಗೊಂಬೆ ಅಂಗಡಿ ಕಂಡರೆ ಮಕ್ಕಳು ಹಟ ಮಾಡುತ್ತಿದ್ದವು, ಅಪ್ಪಂದಿರು ಬೈಯುತ್ತಲೇ ಇಳಿಯುತ್ತಿದ್ದರು. ಅಪ್ಪಂದಿರು ಇಳಿದದ್ದರಿಂದಲೇ ಆ ಊರಿನ ಎಷ್ಟೋ ಒಲೆ ಉರಿದದ್ದು.

2023ರ ಮಾರ್ಚ್ 12ರಂದು ಪ್ರಧಾನಿ ಮಂಡ್ಯದಲ್ಲಿ ದಶಪಥ ಉದ್ಘಾಟಿಸಿದರು. ಸುಮಾರು 118 ಕಿಲೋಮೀಟರ್, ನಡುವೆ ಆರು ಪಥ, ಆಚೀಚೆ ಎರಡೆರಡು ಪಥದ ಸರ್ವಿಸ್ ರಸ್ತೆ. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಎಲ್ಲಕ್ಕೂ ಬೈಪಾಸ್. ಅದೇ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ನಡುರಸ್ತೆಗೆ ಬರುವಂತಿಲ್ಲ. ಆಸ್ಪತ್ರೆಗೆ ಹೋಗುವವರಿಗೆ ಉಳಿದ ಸಮಯ ಸಣ್ಣದಲ್ಲ, ಅದನ್ನು ನಾವು ಒಪ್ಪುತ್ತೇವೆ. ಆದರೆ ಉದ್ಘಾಟನೆಯ ಹೊತ್ತಿಗೆ ಇಷ್ಟು ಉದ್ದದ ರಸ್ತೆಗೆ ಒಂದು ವಿಶ್ರಾಂತಿ ತಾಣವೂ ಇರಲಿಲ್ಲ. ಅಶೋಕನಿಗೆ ಮೊದಲು ಹೊಳೆದದ್ದು ನಮ್ಮ ಇಂಜಿನಿಯರುಗಳಿಗೆ ಕೊನೆಗೆ ಹೊಳೆಯಿತು. ವಿಶ್ರಾಂತಿ ತಾಣ ಮಾಡುವ ಯೋಜನೆ ಆಮೇಲೆ ಬಂತು. ಗೊಂಬೆ ಅಂಗಡಿಯವರೂ ಇಡ್ಲಿ ಹೋಟೆಲಿನವರೂ ಗಿರಾಕಿ ಇಲ್ಲವೆಂದು ದೂರುತ್ತಿದ್ದ ಸುದ್ದಿ ನೀವೂ ಓದಿರುತ್ತೀರಿ.

ಎತ್ತು ದಣಿಯುತ್ತಿತ್ತು, ರೈಲಿಗೆ ನೀರು ಬೇಕಿತ್ತು, ಬಸ್ ಡ್ರೈವರಿಗೆ ಟೀ ಬೇಕಿತ್ತು. ಈಗಿನ ಕಾರಿಗೆ ಏನೂ ಬೇಡ. ಹಾಗಾಗಿ ನಿಲ್ಲಿಸುವ ಲೆಕ್ಕ ಮನೆಯಲ್ಲೇ ಹಾಕಿಕೊಂಡು ಹೊರಡಬೇಕು.

ಎರಡನೇ ಸಲ ಆಸ್ಪತ್ರೆಗೆ ಹೋಗುವಾಗ ನಾವು ಹಾಗೇ ಮಾಡಿದೆವು. ಹೊರಡುವ ಮುಂಚೆ ಕೂಸಿಗೆ ಹಾಲು, ದೊಡ್ಡವಳಿಗೆ ‘ಹೋಗಿ ಬಾ’. ಒಂದು ಜೊತೆ ಬಟ್ಟೆ, ಹಳೇ ಟವೆಲ್, ನೀರು ಡಿಕ್ಕಿಯಲ್ಲಲ್ಲ, ಕಾಲ ಬುಡದಲ್ಲಿ. ತಾಸಿಗೊಮ್ಮೆ ಇಳಿಯುವುದು, ಎಷ್ಟೇ ಅವಸರವಿದ್ದರೂ ಎರಡು ತಾಸು ದಾಟಿಸಬಾರದು, ಕೂಸನ್ನು ಒಂದೇ ಭಂಗಿಯಲ್ಲಿ ಅದಕ್ಕಿಂತ ಹೆಚ್ಚು ಕೂರಿಸುವುದು ಒಳ್ಳೆಯದಲ್ಲ. ಎಲ್ಲಕ್ಕಿಂತ ಮುಖ್ಯ, ಬೈಪಾಸ್ ಹತ್ತುವ ಮುಂಚೆಯೇ ತೀರ್ಮಾನ ಮಾಡಬೇಕು. ರಾಮನಗರ–ಚನ್ನಪಟ್ಟಣದ್ದು ಸುಮಾರು 22 ಕಿಲೋಮೀಟರ್, ಹತ್ತಿದರೆ ಎರಡೂ ಊರು ತಪ್ಪಿದವು. ಗಾಡಿ ಕೆಟ್ಟರೆ ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033, ನಂಬರ್ ಸೇವ್ ಮಾಡಿಕೊಳ್ಳಿ. ಮಕ್ಕಳನ್ನು ರಸ್ತೆ ಅಂಚಿನಲ್ಲಿ ಇಳಿಸಬೇಡಿ, ಒಂದು ನಿಮಿಷಕ್ಕೂ.

ಬೈಪಾಸಿಗೆ ಮುಂಚೆ ಸರ್ವಿಸ್ ರಸ್ತೆಗೆ ಇಳಿದು ಚನ್ನಪಟ್ಟಣದ ಒಳಗೆ ಹೋದೆವು. ಒಂದು ಗೊಂಬೆ ಅಂಗಡಿ ಮುಂದೆ ನಿಲ್ಲಿಸಿ ಕೇಳಿದಾಗ ಅಂಗಡಿಯಾಕೆ ಹಿಂದಿನ ಬಚ್ಚಲು ತೋರಿಸಿದರು. ಕೂಸಿಗೆ ಹಾಲು ಕುಡಿಸಲು ಒಳಗೆ ಕುರ್ಚಿ ಹಾಕಿಕೊಟ್ಟರು, “ನಿಧಾನಕ್ಕೆ ಕುಡ್ಸವ್ವ, ಗಿರಾಕಿ ಯಾರೂ ಇಲ್ಲ” ಅಂದರು. ದೊಡ್ಡವಳು ಹತ್ತು ಬುಗುರಿ ತಿರುಗಿಸಿ ನೋಡಿ ಕೆಂಪು ಹಳದಿಯದೊಂದು ಆರಿಸಿದಳು. ಆಸ್ಪತ್ರೆಗೆ ಅರ್ಧ ಗಂಟೆ ತಡವಾಗಿ ಮುಟ್ಟಿದೆವು. ನಮ್ಮ ಟೋಕನ್ ಇನ್ನೂ ಕರೆದಿರಲಿಲ್ಲ.