ವಾಂಡೆಲ್ ಡುರ್ಷ್ ಹಾಂಡೆಲ್

ಪ್ರಾಸವಿರುವ ಈ ಜರ್ಮನ್ ನುಡಿಗಟ್ಟಿನ ಅರ್ಥ ‘ವ್ಯಾಪಾರದಿಂದ ಬದಲಾವಣೆ’. 1963ರಲ್ಲಿ ಪಶ್ಚಿಮ ಜರ್ಮನಿಯ ಟುಟ್ಸಿಂಗ್‌ನಲ್ಲಿ ಮಾಡಿದ ಭಾಷಣದಲ್ಲಿ ರಾಜಕಾರಣಿ ಎಗೊನ್ ಬಾರ್ ‘ಹತ್ತಿರವಾಗುವುದರಿಂದ ಬದಲಾವಣೆ’ ಎಂಬ ಸೂತ್ರ ಮುಂದಿಟ್ಟಿದ್ದರು; ಅದರಲ್ಲಿನ ‘ಹತ್ತಿರವಾಗುವುದು’ ಎಂಬುದರ ಜಾಗಕ್ಕೆ ಮುಂದೆ ವ್ಯಾಪಾರ ಬಂದು ಕೂತಿತು. 1970ರಲ್ಲಿ ಪಶ್ಚಿಮ ಜರ್ಮನಿ ಉಕ್ಕಿನ ಕೊಳವೆ ಕೊಟ್ಟು ಸೋವಿಯತ್ ಅನಿಲ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಕೊಡುಕೊಳ್ಳುವಿಕೆ ಬೆಳೆದರೆ ಎದುರಾಳಿ ಮೆತ್ತಗಾಗುತ್ತಾನೆಂಬ ನಂಬಿಕೆ. ಅದನ್ನು ದಡ್ಡತನವೆಂದು ತಳ್ಳಿಹಾಕಲಾರೆ. ಶೀತಲ ಸಮರದ ನಡುವೆ ಶಾಂತಿಯ ನಿಜವಾದ ಹಂಬಲ ಅದರಲ್ಲಿತ್ತು. ಆದರೆ 2021ರ ಹೊತ್ತಿಗೆ ಜರ್ಮನಿ ತರಿಸಿಕೊಳ್ಳುತ್ತಿದ್ದ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ರಷ್ಯಾದ್ದೇ. 2022ರಲ್ಲಿ ಉಕ್ರೇನ್ ಯುದ್ಧದ ಜೊತೆಗೆ ಆ ಪೂರೈಕೆ ನಿಂತಿತು. ಬದಲಾಗಬೇಕಾಗಿ ಬಂದದ್ದು ಕೊಂಡವರೇ. ಈಗ ಈ ಮಾತು ಹೆಚ್ಚಾಗಿ ಟೀಕೆಯಾಗಿ, ಚೀನಾ ಕುರಿತ ಚರ್ಚೆಯಲ್ಲಿ ಕೇಳಿಬರುತ್ತದೆ. 2016ರಿಂದ 2023ರವರೆಗೆ ಜರ್ಮನಿಯ ಅತಿ ದೊಡ್ಡ ವ್ಯಾಪಾರ ಪಾಲುದಾರ ಚೀನಾ.