ಅನ್ಯಗ್ರಹದವರಿಗೆ ಯಾಕೆ ಸ್ವಾಮಿ ಕ್ರೆಡಿಟ್ಟು?

ಶನಿವಾರ ರಾತ್ರಿ ಊಟ ಮುಗಿಸಿ ಯೂಟ್ಯೂಬ್ ತೆರೆದರೆ ಅದು ಎದುರಾಗೇ ಆಗುತ್ತೆ. ಗಂಭೀರವಾದ ಹಿನ್ನೆಲೆ ಸಂಗೀತ, ಮರಳುಗಾಡಿನ ಮೇಲೆ ಹಾರುವ ಡ್ರೋನ್ ಕ್ಯಾಮೆರಾ, ಗಡಸು ದನಿಯಲ್ಲೊಂದು ಪ್ರಶ್ನೆ: "ಕಬ್ಬಿಣವೂ ಇಲ್ಲದ, ಕ್ರೇನೂ ಇಲ್ಲದ ಕಾಲದಲ್ಲಿ ಇಷ್ಟು ದೊಡ್ಡ ಪಿರಮಿಡ್ ಕಟ್ಟಿದ್ದು ಯಾರು? ಬಾಹ್ಯಾಕಾಶದಿಂದ ಬಂದವರೇ?" ಉತ್ತರ ಹೇಳೋದಿಲ್ಲ. ಪ್ರಶ್ನೆ ಕೇಳಿ ಜಾಹೀರಾತಿಗೆ ಹೋಗ್ತಾರೆ. ವಾಪಸ್ ಬರೋ ಹೊತ್ತಿಗೆ ನಮ್ಮ ತಲೆಯೊಳಗೆ ಆ ಪ್ರಶ್ನೆಯೇ ಉತ್ತರವಾಗಿ ಕೂತಿರುತ್ತೆ.

ಈ ಪ್ರಶ್ನೆಯನ್ನ ಮನೆಮನೆಗೆ ತಲುಪಿಸಿದ ಪುಣ್ಯಾತ್ಮ ಸ್ವಿಟ್ಜರ್‌ಲೆಂಡಿನ ಎರಿಕ್ ಫಾನ್ ಡಾನಿಕನ್. ಹೋಟೆಲ್ ಮ್ಯಾನೇಜರ್ ಆಗಿದ್ದಾತ. 1968ರಲ್ಲಿ ಆತನ ಪುಸ್ತಕ ಜರ್ಮನ್ ಭಾಷೆಯಲ್ಲಿ ಬಂತು, ಇಂಗ್ಲಿಷಿನಲ್ಲಿ 'ಚಾರಿಯಟ್ಸ್ ಆಫ್ ದ ಗಾಡ್ಸ್' ಅಂತ ಜಗತ್ತು ಸುತ್ತಿತು. ಮರುವರ್ಷವೇ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ. ನಾವು ಅಲ್ಲಿಗೆ ಹೋಗಬಹುದಾದರೆ ಅವರು ಇಲ್ಲಿಗೆ ಯಾಕೆ ಬಂದಿರಬಾರದು ಅಂತ ಜನಕ್ಕೆ ಅನ್ನಿಸಿದ್ದು ಸಹಜ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಪ್ರಶ್ನೆ ಪೆದ್ದು ಪ್ರಶ್ನೆಯೇನಲ್ಲ. ಡಾನಿಕನ್‌ಗಿಂತ ಎರಡು ವರ್ಷ ಮೊದಲೇ, 1966ರಲ್ಲಿ, ಕಾರ್ಲ್ ಸಾಗನ್ ರಷ್ಯಾದ ಖಗೋಳಜ್ಞ ಶ್ಕ್ಲೋವ್‌ಸ್ಕಿ ಜೊತೆ ಬರೆದ ಪುಸ್ತಕದಲ್ಲಿ ಈ ಸಾಧ್ಯತೆಯನ್ನ ಗಂಭೀರವಾಗೇ ಎತ್ತಿಕೊಂಡಿದ್ದರು. ಆದರೆ ಪುರಾಣದ ಕತೆ ಮಾತ್ರ ಸಾಲದು, ಗಟ್ಟಿಯಾದ ಸಾಕ್ಷಿ ಬೇಕು ಅನ್ನೋದು ಅವರ ಪಟ್ಟು. ನಮಗೆ ಅತ್ಯಂತ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ 4.2 ಜ್ಯೋತಿರ್ವರ್ಷ ದೂರದಲ್ಲಿದೆ. ಸೆಕೆಂಡಿಗೆ 17 ಕಿಲೋಮೀಟರ್ ಓಡುವ ನಮ್ಮ ವಾಯೇಜರ್-1ರ ವೇಗದಲ್ಲಿ ಹೊರಟರೆ ಸುಮಾರು 75,000 ವರ್ಷದ ದಾರಿ. ಅಷ್ಟು ದೂರದಿಂದ ಬಂದವರು ಒಂದು ಬೋಲ್ಟು, ಒಂದು ತುಂಡು ಮಿಶ್ರಲೋಹ, ಏನನ್ನೂ ಬೀಳಿಸದೆ ಬರೀ ಸುಣ್ಣಕಲ್ಲಿನ ಗುಡ್ಡೆ ಹಾಕಿ ಹೋದರಾ?

ಬನ್ನಿ, ಗುಡ್ಡೆಯನ್ನೇ ನೋಡೋಣ.

* * *

ಗೀಜಾದ ದೊಡ್ಡ ಪಿರಮಿಡ್ ಖೂಫು ಅನ್ನೋ ದೊರೆಗಾಗಿ ಕ್ರಿ.ಪೂ. 2560ರ ಆಸುಪಾಸಿನಲ್ಲಿ ಕಟ್ಟಿದ್ದು. ಮೂಲ ಎತ್ತರ ಸುಮಾರು 146 ಮೀಟರ್. ಅಂದಾಜು 23 ಲಕ್ಷ ಕಲ್ಲುಗಳು, ಸರಾಸರಿ ಒಂದೊಂದು ಎರಡೂವರೆ ಟನ್. ಕೇಳಿದ ತಕ್ಷಣ "ಅಯ್ಯೋ, ಸಾಧ್ಯಾನೇ ಇಲ್ಲ" ಅನ್ಸುತ್ತೆ. ಆಫೀಸಿನಲ್ಲಿ ದೊಡ್ಡ ಪ್ರಾಜೆಕ್ಟ್ ಸಿಕ್ಕಾಗ ನಾವು ಏನ್ಮಾಡ್ತೀವಿ? ಎಕ್ಸೆಲ್ ತೆಗೀತೀವಿ. ಇಲ್ಲೂ ತೆಗೆಯೋಣ. 25 ವರ್ಷ ಅಂದರೆ ಸುಮಾರು 9,100 ದಿನ. ದಿನಕ್ಕೆ 250 ಕಲ್ಲು. ಐವತ್ತು ತಂಡಗಳಿದ್ದರೆ ತಂಡಕ್ಕೆ ದಿನಕ್ಕೆ ಐದೇ ಕಲ್ಲು. ಇನ್ನೊಂದು ಗುಟ್ಟಿದೆ. ಪಿರಮಿಡ್ಡಿನ ಆಕಾರವೇ ಹಾಗೆ, ಮೂರನೇ ಒಂದು ಭಾಗ ಎತ್ತರಕ್ಕೆ ಬರುವಷ್ಟರಲ್ಲೇ ಒಟ್ಟು ಕಲ್ಲಿನ ಶೇಕಡಾ 70 ಮುಗಿದಿರುತ್ತೆ. ತುದಿಗೆ ಹೋಗುವ ಕಲ್ಲು ಬಹಳ ಕಡಿಮೆ. ಕಷ್ಟದ ಕೆಲಸ, ಖಂಡಿತ. ಆದರೆ ಮನುಷ್ಯರ ಕೈಲಾಗುವ ಕಷ್ಟ.

ಎಳೆದದ್ದು ಹೇಗೆ? ಜೆಹುತಿಹೋತೆಪ್ ಅನ್ನೋ ಅಧಿಕಾರಿಯ ಗೋರಿಯಲ್ಲಿ ಕ್ರಿ.ಪೂ. 1900ರ ಸುಮಾರಿನ ಚಿತ್ರವೊಂದಿದೆ. ಗಾಲಿಯಿಲ್ಲದ ಮರದ ಸ್ಲೆಡ್ಜ್ ಮೇಲೆ ದೈತ್ಯ ವಿಗ್ರಹ, ಹಗ್ಗ ಹಿಡಿದು ಎಳೆಯುವ ಸಾಲುಸಾಲು ಜನ. ಮುಂದುಗಡೆ ಒಬ್ಬ ನಿಂತು ನೆಲಕ್ಕೆ ನೀರು ಸುರೀತಿದಾನೆ. ಅದು ಬರೀ ಶಾಸ್ತ್ರ, ಪೂಜೆ ಅಂತ ಬಹಳ ಜನ ಅಂದುಕೊಂಡಿದ್ದರು. 2014ರಲ್ಲಿ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಪ್ರಯೋಗ ಮಾಡಿ ನೋಡಿದರು. ಮರಳನ್ನ ಹದವಾಗಿ ಒದ್ದೆ ಮಾಡಿದರೆ ಎಳೆಯೋಕೆ ಬೇಕಾದ ಬಲ ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತೆ! ಉತ್ತರ ನಾಲ್ಕು ಸಾವಿರ ವರ್ಷದಿಂದ ಗೋಡೆ ಮೇಲೇ ಇತ್ತು.

ಇದೆಲ್ಲಕ್ಕಿಂತ ನನಗೆ ಇಷ್ಟವಾಗೋ ಸಾಕ್ಷಿ ಬೇರೆ. ಅದು ಈಜಿಪ್ಟಿನವರ ತಪ್ಪುಗಳು. ಖೂಫುಗಿಂತ ಸುಮಾರು ನೂರು ವರ್ಷ ಮೊದಲು ಜೋಸರ್ ದೊರೆಗೆ ಮೆಟ್ಟಿಲು ಮೆಟ್ಟಿಲಾಗಿ ಮೊದಲ ಪಿರಮಿಡ್ ಕಟ್ಟಿದರು. ಆಮೇಲೆ ಮೈದುಮ್‌ನಲ್ಲಿ ಕಟ್ಟಿದ್ದರ ಹೊರಮೈ ಜರಿದುಬಿದ್ದು ಈಗ ಬೋಳು ಗೋಪುರದ ಹಾಗೆ ನಿಂತಿದೆ. ಖೂಫುವಿನ ಅಪ್ಪ ಸ್ನೆಫ್ರು ದಹ್ಶೂರಿನಲ್ಲಿ ಇನ್ನೊಂದು ಶುರುಮಾಡಿದ. ಕೆಳಗಡೆ ಸುಮಾರು 54 ಡಿಗ್ರಿ ಕಡಿದಾದ ಇಳಿಜಾರು. ಅರ್ಧ ಕಟ್ಟುವಷ್ಟರಲ್ಲಿ ಬಿರುಕು. ಗಾಬರಿಯಾಗಿ ಮೇಲಿನ ಭಾಗವನ್ನ 43 ಡಿಗ್ರಿಗೆ ಇಳಿಸಿ ಮುಗಿಸಿದರು. ಇವತ್ತಿಗೂ ಅದು ಸೊಂಟ ಬಗ್ಗಿದ ಹಾಗೇ ಕಾಣುತ್ತೆ, ಹೆಸರೂ 'ಬಾಗಿದ ಪಿರಮಿಡ್'. ಮುಂದಿನದ್ದನ್ನ ಹುಷಾರಾಗಿ ಬುಡದಿಂದಲೇ 43 ಡಿಗ್ರಿಯಲ್ಲಿ ಕಟ್ಟಿದರು, ನಿಂತಿತು. ಆ ಅನುಭವ ಹೊತ್ತುಕೊಂಡು ಮಗನ ಕಾಲದಲ್ಲಿ ಗೀಜಾಕ್ಕೆ ಬಂದರು. ನಕ್ಷತ್ರದಿಂದ ನಕ್ಷತ್ರಕ್ಕೆ ಹಾರಬಲ್ಲವರಿಗೆ ಇಳಿಜಾರಿನ ಲೆಕ್ಕ ಅರ್ಧದಲ್ಲಿ ಕೈಕೊಡುತ್ತಾ?

* * *

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. 2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್ ಅನ್ನೋ ಕಡೆ ಫ್ರೆಂಚ್ ಪುರಾತತ್ವಜ್ಞ ಪಿಯರ್ ತಾಲೆ ಮತ್ತವರ ತಂಡಕ್ಕೆ ಪಪೈರಸ್ ಹಾಳೆಗಳ ತುಣುಕುಗಳು ಸಿಕ್ಕವು. ಬರಹವಿರುವ ಪಪೈರಸ್ಸುಗಳಲ್ಲಿ ಈವರೆಗೆ ಸಿಕ್ಕ ಅತ್ಯಂತ ಹಳೆಯವು. ಖೂಫುವಿನ ಆಳ್ವಿಕೆಯ ಕೊನೆಗಾಲದ್ದು. ಬರೆಸಿದವನು ಮೆರೆರ್ ಅನ್ನೋ ಮೇಲ್ವಿಚಾರಕ. ಇವತ್ತಿನ ಭಾಷೆಯಲ್ಲಿ ಟೀಮ್ ಲೀಡ್.

ಏನಿದೆ ಅದರಲ್ಲಿ? ದೇವಲೋಕದ ರಹಸ್ಯ? ಊಹೂಂ. ಟೈಮ್‌ಶೀಟ್! ಮೇಲೆ ತಿಂಗಳು, ಅದರ ಕೆಳಗೆ ದಿನಾಂಕ, ಪ್ರತಿ ದಿನದ ಕೆಳಗೆ ಮಾಡಿದ ಕೆಲಸ. ಇಂಥ ದಿನ ತುರಾದ ಗಣಿಯಲ್ಲಿ ಕಲ್ಲು ಹೇರಿಕೊಂಡೆವು, ಇಂಥ ದಿನ ದೋಣಿಯಲ್ಲಿ ಹೊರಟೆವು, ರಾತ್ರಿ ಇಂಥ ಕಡೆ ತಂಗಿದೆವು, ಮರುದಿನ ಗೀಜಾಕ್ಕೆ ಮುಟ್ಟಿಸಿದೆವು ಅನ್ನೋ ಧಾಟಿಯ ವರದಿ. ಪಿರಮಿಡ್ಡಿನ ಹೊರಮೈಗೆ ಬಳಸಿದ ಬಿಳಿ ಸುಣ್ಣಕಲ್ಲು ಬಂದದ್ದು ಈ ತುರಾದಿಂದಲೇ. ಹತ್ತು ದಿನಕ್ಕೆ ಎರಡು ಮೂರು ಸಲ ಹೋಗಿಬರೋದು. ಮೇಲಿನ ಸಾಹೇಬರ ಹೆಸರೂ ಇದೆ: ಅಂಖ್‌ಹಾಫ್, ಖೂಫುವಿನ ಮಲತಮ್ಮ. ಜೊತೆಗೆ ಸಿಕ್ಕ ಲೆಕ್ಕಪತ್ರಗಳಲ್ಲಿ ಆಹಾರಧಾನ್ಯ ಬರಬೇಕಾದ್ದೆಷ್ಟು, ಬಂದಿದ್ದೆಷ್ಟು, ಬಾಕಿ ಎಷ್ಟು ಅಂತ ಕಾಲಮ್ಮುಗಳು. ಬಾಕಿ ಅನ್ನೋ ಕಾಲಮ್ಮು ನಾಲ್ಕೂವರೆ ಸಾವಿರ ವರ್ಷದಿಂದ ಮನುಷ್ಯನ ಬೆನ್ನು ಬಿಟ್ಟಿಲ್ಲ ನೋಡಿ.

ಮೆರೆರ್ ಒಬ್ಬನೇ ಅಲ್ಲ. ಗೀಜಾದ ಪಕ್ಕದಲ್ಲೇ ಕೆಲಸಗಾರರ ಊರು ಅಗೆದು ತೆಗೆದಿದ್ದಾರೆ. ರೊಟ್ಟಿ ಸುಡುವ ಒಲೆಗಳು, ತಿಂದುಬಿಟ್ಟ ದನ-ಕುರಿಗಳ ರಾಶಿ ಮೂಳೆ, ಸಾಲು ಸಾಲು ಮಲಗುವ ಜಾಗ. 1990ರಲ್ಲಿ ಕುದುರೆಯೊಂದು ಎಡವಿದ ಮಣ್ಣಿಟ್ಟಿಗೆಯ ಗೋಡೆಯಿಂದಾಗಿ ಅವರ ಗೋರಿಗಳೂ ಸಿಕ್ಕವು. ಅಲ್ಲಿನ ಎಲುಬುಗಳಲ್ಲಿ ಭಾರ ಹೊತ್ತು ಸವೆದ ಬೆನ್ನುಮೂಳೆ ಇದೆ, ಮುರಿದು ಮತ್ತೆ ನೇರವಾಗಿ ಕೂಡಿಕೊಂಡ ಕೈಕಾಲುಗಳಿವೆ. ಅಂದರೆ ಯಾರೋ ಕಟ್ಟು ಕಟ್ಟಿ ಆರೈಕೆ ಮಾಡಿದ್ದಾರೆ. ಸಂದುಗೊಂದಿನ ಕಲ್ಲುಗಳ ಮೇಲೆ ತಂಡಗಳು ತಮ್ಮ ಹೆಸರು ಗೀಚಿವೆ. 'ಖೂಫುವಿನ ಗೆಳೆಯರು' ಅಂತ ಒಂದು ತಂಡ. ಆಮೇಲಿನ ಕಾಲದ ದೊರೆ ಮೆನ್‌ಕೌರೆಯ ಪಿರಮಿಡ್ಡಿನಲ್ಲಿ 'ಮೆನ್‌ಕೌರೆಯ ಕುಡುಕರು' ಅಂತ ಇನ್ನೊಂದು. ನಮ್ಮ ಆಫೀಸಿನ ಕ್ರಿಕೆಟ್ ಟೀಮುಗಳಿಗೆ ಇಡೋ ಹೆಸರಿಗಿಂತ ಇದೇನು ಬೇರೆ?

ಈ ಜನರ ಬೆನ್ನುನೋವನ್ನ ಒಯ್ದು ಹಾರುವ ತಟ್ಟೆಯವರ ಖಾತೆಗೆ ಜಮಾ ಮಾಡೋದು ಅನ್ಯಾಯ ಅಲ್ವಾ?

* * *

"ಬಿಡಿ ಸಾರ್, ಟೈಂಪಾಸ್‌ಗೆ ನೋಡ್ತೀವಿ, ಯಾರಿಗೇನು ನಷ್ಟ?" ಅಂತ ನೀವು ಕೇಳಬಹುದು. ನಷ್ಟ ಆದ ಉದಾಹರಣೆ ಇದೆ. ಅಲ್ಲಿ ಅನ್ಯಗ್ರಹದವರ ಪಾತ್ರವನ್ನ ಹೊರಗಿನವರು ಮಾಡಿದ್ದರು, ಅಷ್ಟೇ ವ್ಯತ್ಯಾಸ.

ದಕ್ಷಿಣ ಆಫ್ರಿಕಾ ಖಂಡಭಾಗದಲ್ಲಿ ಗ್ರೇಟ್ ಜಿಂಬಾಬ್ವೆ ಅನ್ನೋ ಹಾಳೂರಿದೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಜೋಡಿಸಿ ಎಬ್ಬಿಸಿದ ಗೋಡೆಗಳು, ಕೆಲವು ಕಡೆ 11 ಮೀಟರ್ ಎತ್ತರ. ಕಟ್ಟಿದವರು ಅಲ್ಲಿನ ಶೋನಾ ಜನರ ಪೂರ್ವಜರು, 11ರಿಂದ 15ನೇ ಶತಮಾನದ ನಡುವೆ. ಆದರೆ 1871ರಲ್ಲಿ ಅಲ್ಲಿಗೆ ಹೋದ ಜರ್ಮನ್ ಅನ್ವೇಷಕ ಕಾರ್ಲ್ ಮೌಖ್ ಬಾಗಿಲ ಮೇಲಿನ ತೊಲೆಯ ಚೂರೊಂದನ್ನ ನೋಡಿ, ಇದು ನನ್ನ ಪೆನ್ಸಿಲ್ಲಿನ ಮರದ ಹಾಗೇ ಇದೆ, ಹಾಗಾದರೆ ಇದು ಲೆಬನಾನಿನ ಸೀಡರ್, ಹಾಗಾದರೆ ಇದು ಬೈಬಲ್ಲಿನ ಶೀಬಾ ರಾಣಿಯ ಅರಮನೆ ಅಂತ ತೀರ್ಮಾನಿಸಿಬಿಟ್ಟ! ಒಂದು ಪೆನ್ಸಿಲ್ಲಿನಿಂದ ಒಂದು ಸಾಮ್ರಾಜ್ಯ. ಬಿಳಿಯ ಆಡಳಿತಕ್ಕೆ ಈ ಕತೆ ಬೇಕಾಗಿತ್ತು. ಆಫ್ರಿಕದವರಿಗೆ ಕಟ್ಟೋಕೆ ಬರಲ್ಲ ಅಂತಾದರೆ ಆಳೋಕೂ ಬರಲ್ಲ ಅನ್ನಬಹುದಲ್ಲ. 1902ರಿಂದ ಅಲ್ಲಿ ಉಸ್ತುವಾರಿಗಿದ್ದ ರಿಚರ್ಡ್ ಹಾಲ್ 'ಮೂಲ' ಕಟ್ಟಡ ಹುಡುಕುವ ಭರದಲ್ಲಿ ಆಫ್ರಿಕನ್ನರು ಬಾಳಿದ ಪದರಗಳನ್ನೇ ಕಸದಂತೆ ಅಗೆದು ಎಸೆದ. ಓದಬೇಕಾದ ಪುಟಗಳೇ ಹೋದವು. 1905ರಲ್ಲಿ ರಾಂಡಲ್-ಮೆಕೈವರ್, 1929ರಲ್ಲಿ ಗರ್ಟ್ರೂಡ್ ಕೇಟನ್-ಥಾಂಪ್ಸನ್ ಇದು ಆಫ್ರಿಕನ್ನರದ್ದೇ ಅಂತ ಸಾಬೀತು ಮಾಡಿದರೂ ರೊಡೇಷಿಯಾ ಸರ್ಕಾರಕ್ಕೆ ಅದು ಪಥ್ಯವಾಗಲಿಲ್ಲ. ಸತ್ಯ ಹೇಳಿದ ಪುರಾತತ್ವಜ್ಞ ಪೀಟರ್ ಗಾರ್ಲೇಕ್ 1970ರಲ್ಲಿ ದೇಶ ಬಿಡಬೇಕಾಯ್ತು. 1980ರಲ್ಲಿ ಸ್ವಾತಂತ್ರ್ಯ ಬಂದಾಗ ಆ ಜನ ತಮ್ಮ ದೇಶಕ್ಕೆ ಆ ಕಲ್ಲುಗೋಡೆಗಳ ಹೆಸರನ್ನೇ ಇಟ್ಟುಕೊಂಡರು.

ಅನ್ಯಗ್ರಹದವರ ಪಟ್ಟಿಯನ್ನ ಒಮ್ಮೆ ಗಮನಿಸಿ. ಈಜಿಪ್ಟ್, ಮಾಯಾ, ಇಂಕಾ, ಭಾರತ. ಸ್ಟೋನ್‌ಹೆಂಜ್ ಕೂಡ ಇದೆ, ಇಲ್ಲ ಅನ್ನಲ್ಲ. ಆದರೆ ರೋಮಿನ ಕೊಲೋಸಿಯಮ್ ಕಟ್ಟಿದ್ದು ಯಾರು ಅಂತ ಯಾರೂ ಆಕಾಶ ನೋಡಲ್ಲ. ಅಲ್ಲಿ ಇಂಜಿನಿಯರುಗಳಿದ್ದರು, ಇಲ್ಲಿ ಪವಾಡ ನಡೀತು. ಇದು ಬರೀ ಕಾಕತಾಳೀಯವಾ?

* * *

ನಮ್ಮಲ್ಲಿ ಈ ಕತೆಗೆ ಇನ್ನೊಂದು ಬಗೆಯ ಗಿರಾಕಿಗಳಿದ್ದಾರೆ. "ನೋಡಿ, ನಮ್ಮ ವಿಮಾನಗಳನ್ನ ಅವರೂ ಒಪ್ಪಿದ್ದಾರೆ" ಅಂತ ಹೆಮ್ಮೆಪಡೋರು. ಆಗ ಹೊರಬರುವ ಪುಸ್ತಕ 'ವೈಮಾನಿಕ ಶಾಸ್ತ್ರ'. ಅದರ ಹುಟ್ಟೂರು ನಮ್ಮ ಪಕ್ಕದಲ್ಲೇ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಹೇಳುತ್ತಾ ಹೋದದ್ದನ್ನ ವೆಂಕಟಾಚಲ ಶರ್ಮರು ಬರೆದುಕೊಂಡರು. ವಿಮಾನದ ಚಿತ್ರಗಳನ್ನ ಬರೆದವರು ಬೆಂಗಳೂರಿನ ಎಲ್ಲಪ್ಪ ಅನ್ನೋ ಡ್ರಾಫ್ಟ್ಸ್‌ಮನ್. ಮೈಸೂರಿನ ಜಿ.ಆರ್. ಜೋಯ್ಸರ್ 1973ರಲ್ಲಿ ಇಂಗ್ಲಿಷ್ ಅನುವಾದ ಪ್ರಕಟಿಸಿದರು. ಮರುವರ್ಷವೇ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ ಎಚ್.ಎಸ್. ಮುಕುಂದ ಮತ್ತು ನಾಲ್ವರು ಸಹೋದ್ಯೋಗಿಗಳು ಕೂತು ಪರೀಕ್ಷೆ ಮಾಡಿದರು. ಗೇಲಿ ಮಾಡಿ ಕೈತೊಳೆದುಕೊಳ್ಳಲಿಲ್ಲ. ಶ್ಲೋಕಗಳ ಭಾಷೆ ನೋಡಿದರು, ವಿಮಾನಗಳ ಆಕಾರ, ತೂಕ ಲೆಕ್ಕ ಹಾಕಿದರು. ತೀರ್ಮಾನ: ಬರವಣಿಗೆ 1904ಕ್ಕಿಂತ ಹಿಂದಿನದಲ್ಲ, ಅದರಲ್ಲಿರೋ ಯಾವ ವಿಮಾನವೂ ಹಾರಲ್ಲ. ನಿಜವಾದ ಗೌರವ ಅಂದರೆ ಅದು. ಒಂದು ಮಾತನ್ನ ಪರೀಕ್ಷಿಸುವಷ್ಟು ಗಂಭೀರವಾಗಿ ತಗೊಳ್ಳೋದು.

ಹಳೇಬೀಡಿನ ಕಂಬಗಳ ಬಗ್ಗೆಯೂ ಈಗ ವಿಡಿಯೋಗಳು ಓಡಾಡ್ತಿವೆ. ಇಷ್ಟು ನುಣುಪಾದ ಉರುಟು ಕೈಯಿಂದ ಸಾಧ್ಯವಿಲ್ಲ, ಯಾವುದೋ ಕಳೆದುಹೋದ ಯಂತ್ರ ಇತ್ತು ಅಂತ. ಯಂತ್ರ ಇದ್ದಿರಬೇಕು, ಹೌದು. ಕಂಬವನ್ನ ತಿರುಗಿಸುತ್ತಾ ಉಳಿ ಹಿಡಿಯುವ ಚರಕಿ. ಮನುಷ್ಯರು ಮಾಡಿ, ಮನುಷ್ಯರು ತಿರುಗಿಸಿದ್ದು. ಕಲ್ಲೂ ಸಹಕರಿಸಿತು. ಅದು ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಮೆತ್ತಗಿರುತ್ತೆ, ಗಾಳಿಗೆ ಬಿದ್ದಮೇಲೆ ಗಟ್ಟಿಯಾಗುತ್ತೆ.

ಇನ್ನು ಯಾರು ಮಾಡಿದರು ಅನ್ನೋದಕ್ಕೆ ಊಹೆಯೇ ಬೇಕಿಲ್ಲ. ಹೊಯ್ಸಳರ ಶಿಲ್ಪಿಗಳು ಸಹಿ ಹಾಕಿದ್ದಾರೆ! ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ, ಆತನ ಮಗ ಚಾವಣ. ಸೋಮನಾಥಪುರದಲ್ಲಿ ಮಲ್ಲಿತಮ್ಮ. ಹಾಗೆ ನೋಡಿದರೆ ನಾವೂ ಇವರಿಗೆ ನ್ಯಾಯ ಮಾಡಿಲ್ಲ. ಬೇಲೂರು ಅಂದ ಕೂಡಲೇ ನಮ್ಮ ಬಾಯಿಗೆ ಬರೋದು ಜಕಣಾಚಾರಿ. ಕತೆ ಚೆನ್ನಾಗಿದೆ, ಆದರೆ ಅಲ್ಲಿನ ಶಿಲ್ಪಗಳ ಕೆಳಗಿನ ಸಹಿಗಳಲ್ಲಿ ಆ ಹೆಸರಿಲ್ಲ. ಇರುವ ದಾಸೋಜ, ಚಾವಣರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನೂರಾರು ಜನರ ದುಡಿಮೆಯನ್ನ ಒಬ್ಬ ಅಸಾಮಾನ್ಯನ ತಲೆಗೆ ಕಟ್ಟೋ ಚಾಳಿ ನಮಗೂ ಇದೆ. ಅನ್ಯಗ್ರಹದವರು ಅದೇ ಚಾಳಿಯ ಮುಂದುವರಿದ ಆವೃತ್ತಿ.

ಮುಂದಿನ ಲಾಂಗ್ ವೀಕೆಂಡಿಗೆ ಮೈಸೂರು ಕಡೆ ಹೋದರೆ ಸೋಮನಾಥಪುರಕ್ಕೂ ಗಾಡಿ ತಿರುಗಿಸಿ. ಹೊರಗೋಡೆಯ ವಿಗ್ರಹಗಳನ್ನ ಎಲ್ಲರೂ ತಲೆಯೆತ್ತಿ ನೋಡ್ತಾರೆ. ನೀವು ಸ್ವಲ್ಪ ಬಗ್ಗಿ, ಅವುಗಳ ಪಾದದ ಕೆಳಗಿನ ಪಟ್ಟಿಕೆ ನೋಡಿ. ಹಳೆಗನ್ನಡ ಲಿಪಿಯಲ್ಲಿ ಅಕ್ಷರಗಳು ಕಾಣ್ತವೆ. ಪೂರ್ತಿ ಓದೋಕೆ ಬರದಿದ್ದರೂ ಪರವಾಗಿಲ್ಲ, ಪಕ್ಕದಲ್ಲಿ ಗೈಡ್ ಇದ್ದರೆ ಕೇಳಿ. "ಇದರಲ್ಲಿ ಮಲ್ಲಿತಮ್ಮನ ಕೆಲಸ ಯಾವ್ದು?"