ಅಠಾರಾ ಕಚೇರಿ: ಒಂದು ಹೆಸರಿನ ಚರಿತ್ರೆ

೧೮೩೧ರಲ್ಲಿ ಮೈಸೂರು ಸಂಸ್ಥಾನದ ಆಡಳಿತವು ಬ್ರಿಟಿಷರ ಕೈಸೇರಿದ ತರುವಾಯ ಸರ್ಕಾರದ ಕಚೇರಿಗಳು ಬೆಂಗಳೂರು ಕೋಟೆಯ ಟಿಪ್ಪುವಿನ ಅರಮನೆಯಲ್ಲಿ ನಡೆಯತೊಡಗಿದವು. ಅರಸನ ವಾಸಕ್ಕೆಂದು ಕಟ್ಟಿದ ಮನೆ ಬೆಳೆಯುವ ದಫ್ತರಗಳಿಗೆ ಸಾಲದಾಯಿತು. ಕಮಿಷನರ್ ಬೌರಿಂಗನ ಕಾಲದಲ್ಲಿ, ೧೮೬೪ರಿಂದ ೧೮೬೮ರೊಳಗೆ, ಕೆಂಪು ಬಣ್ಣದ ಹೊಸ ಕಟ್ಟಡವೆದ್ದಿತು. ಹದಿನೆಂಟು ಇಲಾಖೆಗಳು ಅಲ್ಲಿ ನೆಲಸಿದುದರಿಂದ ಅದಕ್ಕೆ ‘ಅಠಾರಾ ಕಚೇರಿ’ಯೆಂಬ ಹೆಸರು ನಿಂತಿತು.

ಇಲಾಖೆಗಳು ಮಾತ್ರ ಹದಿನೆಂಟಕ್ಕೆ ನಿಲ್ಲಲಿಲ್ಲ. ೧೯೫೬ರಲ್ಲಿ ಎದುರಿಗೆ ವಿಧಾನಸೌಧವು ಪೂರ್ಣಗೊಂಡಿತು. ಅದೂ ಸಾಲದೆ ೨೦೦೫ರಲ್ಲಿ ವಿಕಾಸಸೌಧ ಬಂದಿತು. ಹಳೆಯ ಕಟ್ಟಡವಾದರೋ, ೧೯೮೦ರ ದಶಕದಲ್ಲಿ ಕೆಡಹುವ ಪ್ರಸ್ತಾಪದಿಂದ ಪಾರಾಗಿ, ಇಂದು ಉಚ್ಚ ನ್ಯಾಯಾಲಯವಾಗಿ ಉಳಿದಿದೆ. ಇವನ್ನು ಕೇವಲ ವಾಸ್ತುಶಿಲ್ಪವೆಂದು ನೋಡುವುದು ಸಾಲದೆಂದು ನಮ್ಮ ಅಭಿಪ್ರಾಯ. ಪ್ರಜೆಯ ಬದುಕಿನ ಎಷ್ಟು ಭಾಗವನ್ನು ಸರ್ಕಾರವು ತನ್ನ ಹೊಣೆಯೆಂದು ಎಣಿಸಿತೆಂಬುದಕ್ಕೆ ಇವೇ ಸಾಕ್ಷಿ. ಕೆಡಹಿದರೆ ಆ ಸಾಕ್ಷ್ಯವೂ ಅಳಿಯುತ್ತದೆ.